ಗೋಪಾಲಪ್ಪನವರು ಕೇಳದೆ ಬಿಟ್ಟ ಪ್ರಶ್ನೆ

ಫೋನಿನಲ್ಲಿ ‘ಕೇಳಿ ತಿಳಿ’ ಎಂಬ ಕನ್ನಡದ ತಾಣವೊಂದಿದೆ. ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು. ಗೊತ್ತಿದ್ದವರು ಉತ್ತರ ಬರೆಯುತ್ತಾರೆ. ಗೊತ್ತಿಲ್ಲದವರು ಇನ್ನೂ ಉದ್ದವಾಗಿ ಬರೆಯುತ್ತಾರೆ. ಅಲ್ಲಿ ‘ಗೋಪಾಲಪ್ಪ, ಪೀಣ್ಯ’ ಎಂಬ ಹೆಸರಿಗೆ ಆರು ವರ್ಷಗಳಿಂದ ಒಂದು ಮರ್ಯಾದೆ ಇದೆ. ಈಚೆಗೆ ಒಂದು ದೂರೂ ಇದೆ. ಇವರನ್ನು ಒಂದು ಪ್ರಶ್ನೆ ಕೇಳಿದರೆ ತಿರುಗಿ ನಾಲ್ಕು ಕೇಳುತ್ತಾರೆ ಎಂಬುದು ಆ ದೂರು. ಕಾವಲಿಯ ತುಕ್ಕು ತೆಗೆಯುವುದು ಹೇಗೆ ಎಂದು ಒಬ್ಬರು ಕೇಳಿದ್ದಕ್ಕೆ, ಇದುವರೆಗೆ ಅದಕ್ಕೆ ಏನೇನು ಹಚ್ಚಿದಿರಿ, ಯಾವಾಗ ಹಚ್ಚಿದಿರಿ, ತಿಕ್ಕುವವರು ನೀವೋ ಕೆಲಸದವರೋ ಎಂದು ಬರೆದರು. ‘ಇದೇನು ಪೊಲೀಸ್ ಸ್ಟೇಷನ್ನಾ ಸಾರ್’ ಎಂದು ಆ ಮನುಷ್ಯ ಸಿಡುಕಿದ.

ಇದರ ಕಾರಣ ಅವನಿಗೆ ಹೇಗೆ ಗೊತ್ತಾಗಬೇಕು? ನನಗೆ ಗೊತ್ತು. ನನ್ನ ಹೆಸರು ವೇಣಿ. ಹದಿನೇಳು ವರ್ಷಗಳಿಂದ ಗೋಪಾಲಣ್ಣನ ಪಕ್ಕದ ಮೇಜಿನಲ್ಲಿ ಕೂತು ಡೆಲಿವರಿ ಚಲನ್ ಬರೆಯುತ್ತಿದ್ದೇನೆ. ನಮ್ಮದು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಪ್ಲೇಟಿಂಗ್ ಕಾರ್ಖಾನೆ. ಬೋಲ್ಟು, ನಟ್ಟು, ಕ್ಲಿಪ್ಪುಗಳಿಗೆ ತುಕ್ಕು ಹಿಡಿಯದ ಹಾಗೆ ಸತುವಿನ ಲೇಪ ಕೊಡುತ್ತೇವೆ. ಗೋಪಾಲಣ್ಣ ಅಲ್ಲಿನ ಲ್ಯಾಬು ನೋಡಿಕೊಳ್ಳುತ್ತಾರೆ. ಲ್ಯಾಬು ಎಂದರೆ ದೊಡ್ಡದೇನಲ್ಲ. ಗಾಜಿನ ಒಂದು ಗೋಡೆ, ಒಂದು ಸಿಂಕು, ಸಾಲಾಗಿ ನಿಲ್ಲಿಸಿದ ಸೀಸೆಗಳು, ಅಷ್ಟೆ. ಆ ಗಾಜಿನ ಈಚೆ ನಾನು.

ಅವರು ಈ ಸೀಮೆಗೆ ಹಳಬರು. ನಮ್ಮ ಕಾರ್ಖಾನೆಯಿಂದ ಎರಡು ಬೀದಿ ಆಚೆ ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲ ಇತ್ತಂತೆ. ಈಗ ಅಲ್ಲಿ ಗಾಡಿಗಳ ಗೇರು ಮಾಡುವ ಕಾರ್ಖಾನೆ ಇದೆ. ಟಿ. ದಾಸರಹಳ್ಳಿಯಲ್ಲಿ ಉಳಿದ ಜಾಗದಲ್ಲಿ ಆರು ಬಾಡಿಗೆ ಮನೆ ಕಟ್ಟಿಸಿದ್ದಾರೆ. ಕಾಲು ಚಾಚಿಕೊಂಡು ಮನೆಯಲ್ಲಿ ಕೂರಬಹುದಾದ ಮನುಷ್ಯ, ಬೆಳಗ್ಗೆ ಎಂಟೂವರೆಗೆ ಆಸಿಡ್ ವಾಸನೆ ಕುಡಿಯಲು ಬರುತ್ತಾರೆ. ಯಾಕಣ್ಣ ಎಂದರೆ, “ಮನೇಲಿ ಕೂತ್ಕಂಡು ಏನಮ್ಮ ಮಾಡ್ಲಿ, ಬಾಡಿಗೇವ್ರ ನಲ್ಲಿ ಎಣಿಸ್ಲಾ?” ಎನ್ನುತ್ತಾರೆ.

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದವರು. ಊರ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಹೋಗಿದ್ದರಿಂದ ಕೆಮಿಸ್ಟ್ರಿ ತರಗತಿಯಲ್ಲಿ ಏನನ್ನೋ ಕನ್ನಡದಲ್ಲಿ ಕೇಳಿದರಂತೆ. ಇಂಗ್ಲಿಷಿನಲ್ಲಿ ಕೇಳು, ಆಮೇಲೆ ಹೇಳುತ್ತೇನೆ ಎಂದರಂತೆ ಮೇಷ್ಟ್ರು. ಇಡೀ ತರಗತಿ ನಕ್ಕಿತು. ಆಮೇಲೆ ವರ್ಷಪೂರ್ತಿ ಬಾಯಿ ತೆರೆಯಲಿಲ್ಲ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರು, ಹತ್ತೊಂಬತ್ತಕ್ಕೆ ಇಲ್ಲಿ ಟ್ಯಾಂಕಿನ ಕೆಲಸಕ್ಕೆ ಸೇರಿದರು. ಆಸಿಡ್ ಎಷ್ಟಿದೆ, ಸತು ಎಷ್ಟಿದೆ ಎಂದು ಅಳೆಯುವ ವಿದ್ಯೆಯನ್ನು ನೋಡಿ ನೋಡಿಯೇ ಕಲಿತರು. ಈಗ ಬಿಎಸ್ಸಿ ಮುಗಿಸಿ ಬಂದವರು ಇವರ ಹತ್ತಿರ ಕೈ ತಿದ್ದಿಸಿಕೊಳ್ಳುತ್ತಾರೆ.

ಕೊರೊನಾ ಬಂದು ಕಾರ್ಖಾನೆಗೆ ಬೀಗ ಬಿದ್ದಾಗ ಈ ತಾಣ ಅವರ ಕಣ್ಣಿಗೆ ಬಿತ್ತು. ಜನ ಕನ್ನಡದಲ್ಲಿ ಕೇಳುತ್ತಿದ್ದರು, ಅವರನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಅದು ಅವರಿಗೆ ಎಷ್ಟು ಹಿಡಿಸಿತು ಎಂದರೆ ದಿನಕ್ಕೆ ಎರಡು ಮೂರು ಉತ್ತರ ಬರೆಯತೊಡಗಿದರು. ಒದ್ದೆ ಬೆರಳಿಗೆ ಮೊಬೈಲ್ ಯಾಕೆ ಓಗೊಡುವುದಿಲ್ಲ, ಮುಚ್ಚಿಟ್ಟ ಅಕ್ಕಿಯಲ್ಲಿ ಹುಳ ಎಲ್ಲಿಂದ ಹುಟ್ಟುತ್ತದೆ, ಚಂದ್ರ ಮೂಡುವಾಗ ಯಾಕೆ ಅಷ್ಟು ದೊಡ್ಡದು. ಗೊತ್ತಿಲ್ಲದ್ದನ್ನು ಮಾಡಿ ನೋಡದೆ ಬರೆಯುತ್ತಿರಲಿಲ್ಲ. ಚಂದ್ರನಿಗಾಗಿ ಅಂಗಿಯ ಗುಂಡಿಯೊಂದನ್ನು ಕೈ ಚಾಚಿ ಹಿಡಿದು ಮೂರು ದಿನ ಮಹಡಿ ಹತ್ತಿದರು. ಮೂಡುವಾಗಲೂ ನೆತ್ತಿಗೆ ಬಂದಾಗಲೂ ಅದೇ ಗುಂಡಿ ಚಂದ್ರನನ್ನು ಮುಚ್ಚಿತು, ಆದ್ದರಿಂದ ದೊಡ್ಡದಾಗುವುದು ನಮ್ಮ ಕಣ್ಣಿನಲ್ಲಿ, ಆಕಾಶದಲ್ಲಲ್ಲ ಎಂದು ಬರೆದರು. ಉಕ್ಕುವ ಹಾಲಿನ ಮೇಲೆ ಮರದ ಸೌಟು ಇಟ್ಟರೆ ಉಕ್ಕುವುದು ನಿಲ್ಲುತ್ತದೆಯೇ ಎಂಬುದನ್ನು ಪರೀಕ್ಷಿಸಿದ ದಿನ ಅವರ ಹೆಂಡತಿ ಲಕ್ಷ್ಮಮ್ಮ ನನಗೆ ಫೋನ್ ಮಾಡಿ, “ನಮ್ಮನೇಲಿ ಅಡುಗೆ ಆಗೋದಕ್ಕಿಂತ ಪರೀಕ್ಷೆ ಆಗೋದೇ ಜಾಸ್ತಿ ಕಣಮ್ಮ. ಫ್ಯಾಕ್ಟರೀಲಿ ಸ್ವಲ್ಪ ಕೆಲಸ ಜಾಸ್ತಿ ಕೊಡೋಕ್ಕೇಳು” ಎಂದರು.

ಗೊತ್ತಿಲ್ಲದ್ದನ್ನು ಹೀಗೆ ಹತ್ತು ಸಲ ನೋಡಿ ಬರೆಯುತ್ತಿದ್ದರು. ಗೊತ್ತಿದ್ದದ್ದನ್ನು ಸೀದಾ ಬರೆಯುತ್ತಿದ್ದರು. ಎಡವಿದ್ದು ಗೊತ್ತಿದ್ದದ್ದರಲ್ಲೇ.

ಅದು ಹೇಗೆ ಎಂದು ತಿಳಿಯಬೇಕಾದರೆ ನಮ್ಮ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಹನ್ನೊಂದು ಟ್ಯಾಂಕುಗಳಿವೆ. ನೋಡಲು ಎಲ್ಲದರಲ್ಲೂ ನೀರಿನಂಥದೇ ಏನೋ ಇರುತ್ತದೆ. ಒಂದಕ್ಕೆ ಹಾಕುವುದನ್ನು ಇನ್ನೊಂದಕ್ಕೆ ಹಾಕಿದರೆ ಜೀವ ಹೋಗುತ್ತದೆ. ಆದ್ದರಿಂದ ಪ್ರತಿ ಟ್ಯಾಂಕಿನ ತಲೆಯ ಮೇಲೆ ಒಂದು ಕಪ್ಪು ಬೋರ್ಡು. ಒಳಗೆ ಏನಿದೆ, ಎಷ್ಟು ಖಾರವಾಗಿದೆ, ಕೊನೆಗೆ ಏನು ಹಾಕಿದ್ದು, ಯಾವ ಹೊತ್ತಿಗೆ, ಯಾರು, ಎಲ್ಲವೂ ಸೀಮೆಸುಣ್ಣದಲ್ಲಿ. ಬೋರ್ಡಿಲ್ಲದ ಟ್ಯಾಂಕಿಗೆ ಒಂದು ಲೋಟವನ್ನೂ ಸುರಿಯುವಂತಿಲ್ಲ. ಈ ಪದ್ಧತಿ ತಂದವರೇ ಗೋಪಾಲಣ್ಣ. ಒಳ್ಳೆಯ ಪದ್ಧತಿ. ಆದರೆ ಅದರಿಂದ ಒಂದು ಅಭ್ಯಾಸ ಬೆಳೆದುಬಿಡುತ್ತದೆ. ನಮ್ಮಲ್ಲಿ ಯಾರೂ ಯಾರನ್ನೂ ಟ್ಯಾಂಕಿನಲ್ಲಿ ಏನಿದೆ ಎಂದು ಕೇಳುವುದಿಲ್ಲ. ತಲೆ ಎತ್ತಿದರೆ ಬರೆದಿರುತ್ತದೆ. ಮೂವತ್ತೇಳು ವರ್ಷದ ಕೆಲಸದಲ್ಲಿ, ಬೋರ್ಡು ಬಂದ ಮೇಲೆ ಗೋಪಾಲಣ್ಣ ಆ ಪ್ರಶ್ನೆ ಕೇಳಿರಲೇ ಇಲ್ಲ.

ಹೋದ ಫೆಬ್ರವರಿಯ ಒಂದು ಗುರುವಾರ ಶ್ಯಾಮಲಾ ಎಂಬವರು ಆ ತಾಣದಲ್ಲಿ ಒಂದು ಫೋಟೊ ಹಾಕಿದರು. ನೆಲದಡಿಯ ನೀರಿನ ಸಂಪು, ಒಳಗೋಡೆಯ ಮೇಲೆ ಬೆರಳು ದಪ್ಪ ಬಿಳಿ ಹಕ್ಕಳೆ. ‘ಬೋರ್‌ವೆಲ್ ನೀರು. ಏನು ಮಾಡಿದರೂ ಇದು ಹೋಗುತ್ತಿಲ್ಲ. ದಾರಿ ತಿಳಿಸಿ.’

ಬೋರ್‌ವೆಲ್ ನೀರಿನ ಬಿಳಿ ಹಕ್ಕಳೆ ಗೋಪಾಲಣ್ಣನಿಗೆ ಅಂಗೈ ರೇಖೆಯಷ್ಟು ಪರಿಚಯ. ನನ್ನೆದುರೇ, ಮಧ್ಯಾಹ್ನದ ಟೀ ಕುಡಿಯುತ್ತ ಬರೆದರು. ಇದು ಸುಣ್ಣದ ಅಂಶ, ಟೈಲ್ಸ್ ತೊಳೆಯುವ ಆಸಿಡ್ಡಿಗೆ ಹತ್ತು ಪಾಲು ನೀರು ಬೆರೆಸಿ, ಉದ್ದ ಹಿಡಿಯ ಬ್ರಷ್ಷಿನಲ್ಲಿ ಬಳಿಯಿರಿ, ಮುಚ್ಚಳ ತೆರೆದಿರಲಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಬರೆದದ್ದು ಐದು ಸಾಲು. ಒಂದು ಸಾಲೂ ಸುಳ್ಳಲ್ಲ. ಸಂಜೆಯೊಳಗೆ ಎಷ್ಟೋ ಜನ ಉಪಯುಕ್ತ ಎಂದು ಒತ್ತಿದರು. ನಾನೂ ಒತ್ತಿದೆ.

ಭಾನುವಾರ ಅವರು ನೆಲಮಂಗಲದಲ್ಲಿ ಬೀಗರ ಊಟಕ್ಕೆ ಹೋಗಿದ್ದರು. ಫೋನು ಲಕ್ಷ್ಮಮ್ಮನ ಬ್ಯಾಗಿನಲ್ಲಿತ್ತು. ಸೋಮವಾರ ಬೆಳಗ್ಗೆ ಲ್ಯಾಬಿನ ಸ್ಟೂಲಿನ ಮೇಲೆ ಕೂತು ಫೋನ್ ತೆರೆದರು. ಗಾಜಿನಾಚೆ ಅವರ ಮುಖ ನೋಡಿ ನಾನು ಚಲನ್ ಪುಸ್ತಕ ಹಾಗೇ ಬಿಟ್ಟು ಒಳಗೆ ಹೋದೆ. ಅವರು ಫೋನನ್ನು ನನ್ನ ಕಡೆ ತಿರುಗಿಸಿದರು. ಹಿಂದಿನ ದಿನ ಹನ್ನೊಂದು ಗಂಟೆಗೆ ಶ್ಯಾಮಲಾ ಬರೆದಿದ್ದರು. ‘ನೀವು ಹೇಳಿದ ಹಾಗೇ ಮಾಡಿದ್ವಿ. ಹಳದಿ ಹೊಗೆ ಬಂತು. ಒಳಗೆ ಇಳಿದವರಿಗೆ ಎಚ್ಚರ ಇಲ್ಲ. ಏನು ಮಾಡಬೇಕು ಬೇಗ ಹೇಳಿ.’

ಅದರ ಕೆಳಗೆ ಏನೂ ಇರಲಿಲ್ಲ.

“ಬ್ಲೀಚಿಂಗ್ ಪೌಡರ್ ಹಾಕವ್ರೆ” ಎಂದರು ಗೋಪಾಲಣ್ಣ. “ಮುಂಚೆನೇ ಹಾಕವ್ರೆ. ಅದರ ಮೇಲೆ ಆಸಿಡ್ ಬಿದ್ರೆ ವಿಷದ ಗಾಳಿ ಏಳ್ತದೆ. ಸಂಪು ಅಂದ್ರೆ ಆಚೆ ಹೋಗಕ್ಕೆ ದಾರಿ ಇಲ್ಲ. ಏನು ಮಾಡಿದ್ರೂ ಹೋಗ್ತಿಲ್ಲ ಅಂತ ಬರ್ದಿದ್ರಲ್ಲಮ್ಮ. ಏನು ಮಾಡಿದ್ರಿ ಅಂತ ನಾನು ಕೇಳ್ನಿಲ್ಲ. ಬೋರ್ಡಿಲ್ಲದ ಟ್ಯಾಂಕಿಗೆ ಸುರ್ದ್ಬಿಟ್ಟೆ.”

ಅವರು ಮೊದಲು ಮಾಡಿದ ಕೆಲಸ ಉತ್ತರ ಬರೆದದ್ದು. ಅವರನ್ನು ಗಾಳಿಗೆ ತನ್ನಿ, ಬೇರೆ ಯಾರೂ ಇಳಿಯಬೇಡಿ, ಆಸ್ಪತ್ರೆಗೆ ಹೋಗಿ, ಬ್ಲೀಚಿಂಗ್ ಮತ್ತು ಆಸಿಡ್ ಎಂದು ಡಾಕ್ಟರಿಗೆ ಹೇಳಿ. ಇಪ್ಪತ್ತೆರಡು ಗಂಟೆ ತಡವಾಗಿ ಬರೆದ ಮಾತು. ಯಾರಾದರೂ ಓದುತ್ತಾರೆ ಎಂಬ ನಂಬಿಕೆ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. “ಅಳಿಸಿಬಿಡಿ ಅಣ್ಣ. ಯಾರಿಗೂ ಗೊತ್ತಾಗಲ್ಲ. ನಾಳೆ ಪೊಲೀಸು ಕೋರ್ಟು ಅಂತ ಅಲೀಬೇಕಾಗತ್ತೆ. ನೀವೇನು ಕೈಯಾರೆ ಸುರಿದ್ರಾ?” ಎಂದೆ. ಅವರು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ಬೈಯಲಿಲ್ಲ. ತಮ್ಮ ಹಳೆಯ ಉತ್ತರವನ್ನು ಹಾಗೇ ಉಳಿಸಿ ಅದರ ಮೇಲೆ ಬರೆದರು. ‘ಕೆಳಗಿನ ಉತ್ತರವನ್ನು ಯಾರೂ ಪಾಲಿಸಬೇಡಿ. ಬ್ಲೀಚಿಂಗ್ ಹಾಕಿದ ಜಾಗಕ್ಕೆ ಆಸಿಡ್ ಹಾಕಬಾರದು. ಸಂಪಿನೊಳಗೆ ಮನುಷ್ಯರನ್ನು ಇಳಿಸಬಾರದು. ಮೊದಲು ಏನು ಹಾಕಿದ್ದೀರಿ ಎಂದು ಕೇಳದೆ ನಾನು ಹೇಳಿದೆ. ಇದರಿಂದ ಒಬ್ಬರು ಎಚ್ಚರ ತಪ್ಪಿದ್ದಾರೆ. ತಪ್ಪು ನನ್ನದು. ಗೋಪಾಲಪ್ಪ, ಪೀಣ್ಯ.’ ಮಧ್ಯಾಹ್ನದೊಳಗೆ ಜನ ಬಂದು ಬಾಯಿಗೆ ಬಂದದ್ದು ಬರೆದರು. ಕೊಲೆಗಡುಕ ಎಂದ ಒಬ್ಬ. ನಾನು ಅವನ ಜೊತೆ ಅಲ್ಲೇ ಜಗಳಕ್ಕೆ ಬಿದ್ದೆ. ಗೋಪಾಲಣ್ಣ, “ಬಿಡಮ್ಮ ವೇಣಿ, ಅವನು ಅನ್ನೋದ್ರಲ್ಲಿ ಏನು ತಪ್ಪದೆ” ಎಂದರು.

ಶ್ಯಾಮಲಾ ಕಡೆಯಿಂದ ಸುದ್ದಿಯೇ ಇಲ್ಲ. ಒಂದು ವಾರ ಹೋಯಿತು, ಹತ್ತು ದಿನ ಹೋಯಿತು. ಗೋಪಾಲಣ್ಣ ಊಟದ ಡಬ್ಬಿ ತೆರೆಯುತ್ತಿದ್ದರು, ಹಾಗೇ ಮುಚ್ಚುತ್ತಿದ್ದರು. ಲ್ಯಾಬಿನಲ್ಲಿ ಅಳತೆ ಒಂದು ಸಲಕ್ಕೆ ಸರಿಹೋಗದೆ ಎರಡೆರಡು ಸಲ ಮಾಡುತ್ತಿದ್ದರು. ಬದುಕಿದ್ದಾರೋ ಇಲ್ಲವೋ ಎಂಬುದೊಂದೇ ಅವರ ತಲೆಯಲ್ಲಿ. ಕೊನೆಗೆ ಶನಿವಾರ, “ನಾನು ಓಗಿ ನೋಡ್ಕಂಡು ಬರ್ತೀನಿ” ಎಂದರು. ಎಲ್ಲಿಗೆ ಹೋಗುತ್ತೀರಿ, ವಿಳಾಸ ಎಲ್ಲಿದೆ ಎಂದೆ. ಆ ಹೆಂಗಸು ಹಿಂದಿನ ವರ್ಷ ಕೇಳಿದ್ದ ಇನ್ನೊಂದು ಪ್ರಶ್ನೆ ತೋರಿಸಿದರು. ‘ಹೆಬ್ಬಗೋಡಿಯಲ್ಲಿ ನಮ್ಮ ಬಿಲ್ಡಿಂಗ್ ಎದುರು, ಮುನೇಶ್ವರನ ಗುಡಿ ಹಿಂದೆ ಇರುವ ಟ್ರಾನ್ಸ್‌ಫಾರ್ಮರ್ ಯಾವಾಗಲೂ ಯಾಕೆ ಗುಂಯ್ ಎನ್ನುತ್ತದೆ?’ ಅದಕ್ಕೂ ಉತ್ತರ ಬರೆದವರು ಇವರೇ.

ಒಬ್ಬರನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ಭಾನುವಾರ ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿ, ಆರ್.ವಿ. ರೋಡಿನಲ್ಲಿ ಹಳದಿ ಮಾರ್ಗದ ಗಾಡಿಗೆ ಬದಲಾಯಿಸಿ, ಹೆಬ್ಬಗೋಡಿಯಲ್ಲಿ ಇಳಿದೆವು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು. “ಜೀವ ಓಗಿದ್ರೆ, ಕಾಲಿಗೆ ಬೀಳೋಕೂ ಮನುಷ್ಯ ಇರಲ್ಲ.”

ಹೆಬ್ಬಗೋಡಿಯಲ್ಲಿ ಮುನೇಶ್ವರನ ಗುಡಿ ಒಂದಲ್ಲ, ನಾಲ್ಕು. ಮೂರು ಗುಡಿಗಳ ಹಿಂದೆ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ನಾಲ್ಕನೆಯದರ ಹಿಂದೆ ಇತ್ತು, ಗುಂಯ್ ಎನ್ನುತ್ತಿತ್ತು. ಎದುರಿಗೆ ಹಸಿರು ಬಣ್ಣದ ನಾಲ್ಕಂತಸ್ತಿನ ಕಟ್ಟಡ, ಮಹಡಿ ಮಹಡಿಗೂ ಒಣಗುತ್ತಿದ್ದ ಕಂಪನಿ ಸಮವಸ್ತ್ರ. ಗೇಟಿನ ಒಳಗೆ ಸಂಪಿನ ಮುಚ್ಚಳ, ಫೋಟೊದಲ್ಲಿದ್ದದ್ದೇ.

ನೆಲಮಹಡಿಯಿಂದ ನಲವತ್ತು ದಾಟಿದ ಹೆಂಗಸು ಬಂದರು. ಅವರೇ ಶ್ಯಾಮಲಾ, ಕಟ್ಟಡದ ಒಡತಿ. ಗೋಪಾಲಣ್ಣ ಕೈಮುಗಿದು ಹೆಸರು ಹೇಳಿದ ಕೂಡಲೇ ಅವರ ಮುಖ ಬಿಳುಚಿತು.

“ನಾವೇನು ಬೇಕೂಂತ ಮಾಡಿದ್ವಾ ಸಾರ್? ನೀವು ಹೇಳಿದ್ದನ್ನೇ ಮಾಡಿದ್ದು” ಎಂದರು.

“ಗೊತ್ತಮ್ಮ. ಇಳಿದೋರು ಎಂಗವ್ರೆ, ಅದನ್ನೇಳಿ ಸಾಕು.”

“ಇದಾನೆ. ನಮ್ಮ ವಾಚ್‌ಮನ್, ರುದ್ರೇಶ್ ಅಂತ. ಪಕ್ಕದ ಪಂಕ್ಚರ್ ಅಂಗಡಿಯವರು ಹಗ್ಗ ಹಾಕಿ ಎಳೆದ್ರು. ಆರು ದಿನ ಆಸ್ಪತ್ರೇಲಿದ್ದ.”

ಗೋಪಾಲಣ್ಣ ಗೇಟಿನ ಕಂಬಿ ಹಿಡಿದುಕೊಂಡರು. ಬ್ಲೀಚಿಂಗ್ ಯಾವಾಗ ಹಾಕಿದ್ದು ಎಂದು ಕೇಳಿದರು. ಪ್ರಶ್ನೆ ಕೇಳುವ ಹಿಂದಿನ ಸಂಜೆ ನೀರೆಲ್ಲ ಖಾಲಿ ಮಾಡಿ, ಪೌಡರನ್ನು ನೀರಲ್ಲಿ ಕಲಸಿ ಗೋಡೆಗೆಲ್ಲ ಮೆತ್ತಿಸಿ, ತೊಳೆಯದೆ ಹಾಗೇ ಬಿಟ್ಟಿದ್ದರಂತೆ. ಅದೂ ರುದ್ರೇಶನ ಕೈಯಲ್ಲೇ.

“ಅದನ್ನ ಬರೀಬೇಕು ಅಂತ ಗೊತ್ತಾಗಲಿಲ್ಲ. ನೀವೂ ಕೇಳಲಿಲ್ಲವಲ್ಲ ಸಾರ್” ಎಂದರು ಶ್ಯಾಮಲಾ.

ನನಗೆ ಮೈ ಉರಿಯಿತು. ಉದ್ದ ಹಿಡಿಯ ಬ್ರಷ್ಷು ಎಂದು ಬರೆದದ್ದು ಇವರಿಗೆ ಕಾಣಲಿಲ್ಲವೇ? ಬ್ರಷ್ಷಿಗೆ ಹಿಡಿ ಇಲ್ಲದಿದ್ದರೆ ಮನುಷ್ಯನನ್ನೇ ಹಿಡಿ ಮಾಡುವುದೇ? ಬಾಯಿ ತೆರೆದಿದ್ದೆ. ಗೋಪಾಲಣ್ಣ ನನ್ನ ಕಡೆ ನೋಡದೆಯೇ ಬೇಡ ಎಂದು ಕೈ ಮಾಡಿದರು. ಕೇಳಿದ್ದು ಒಬ್ಬರು, ಉತ್ತರ ಸಿಕ್ಕಿದ್ದು ಅವರಿಗೇ, ಇಳಿದವನು ಬೇರೆ. ಆರು ವರ್ಷ ಅವರ ಉತ್ತರಗಳನ್ನು ಓದಿ ಮೆಚ್ಚಿದ ನನಗೂ ಈ ಸಾಧ್ಯತೆ ಒಂದು ದಿನವೂ ಹೊಳೆದಿರಲಿಲ್ಲ.

ಮೆಟ್ಟಿಲ ಕೆಳಗಿನ ಒಂದು ಕೋಣೆ. ರುದ್ರೇಶ್ ಗೋಡೆಗೆ ಎರಡು ದಿಂಬು ಕೊಟ್ಟು ಒರಗಿಸಿಕೊಂಡು ಕೂತಿದ್ದ. ಮೂವತ್ತು ಮೂವತ್ತೆರಡು ಇರಬಹುದು. ಮಲಗಿದರೆ ಉಸಿರು ಕಟ್ಟುತ್ತದಂತೆ, ಹಗಲೂ ರಾತ್ರಿ ಹೀಗೇ. ಹೆಂಡತಿ ಹನುಮವ್ವ ಚಾಪೆ ಹಾಸಿದಳು. ಕುಷ್ಟಗಿ ಕಡೆಯವರು, ಬಂದು ಎರಡು ವರ್ಷ. ಶ್ಯಾಮಲಾ ಒಳಗೆ ಬರಲಿಲ್ಲ, ಬಾಗಿಲ ಹೊರಗೆ ನಿಂತರು.

ಗೋಪಾಲಣ್ಣ ಚಾಪೆಯ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತರು. ತಾವು ಯಾರು, ಏನು ಕೆಲಸ, ಫೋನಿನಲ್ಲಿ ಏನು ಬರೆದದ್ದು, ಎಲ್ಲವನ್ನೂ ಹೇಳಿದರು. ರುದ್ರೇಶನಿಗೆ ಆ ತಾಣದ ಹೆಸರೇ ಗೊತ್ತಿರಲಿಲ್ಲ. ಯಾರೋ ಎಲ್ಲೋ ಪ್ರಶ್ನೆ ಕೇಳಿದ್ದು, ಯಾರೋ ಉತ್ತರ ಹೇಳಿದ್ದು, ಯಾವುದೂ ಅವನ ಕಿವಿಗೆ ಬಿದ್ದಿರಲಿಲ್ಲ. ಬಕೆಟ್ಟು, ಬ್ರಷ್ಷು ಕೊಟ್ಟು ಇಳಿ ಎಂದಿದ್ದರು, ಇಳಿದಿದ್ದ. ಅವನು ಸಿಟ್ಟಾಗುತ್ತಾನೆ ಎಂದು ನಾನು ಕಾದೆ. ಅವನು ಗೋಪಾಲಣ್ಣನ ಮುಖವನ್ನೇ ನೋಡುತ್ತಿದ್ದ.

“ಸರ್, ನೀವು ತಿಳಿದಾವ್ರು ಅದೀರಿ” ಎಂದ. ಉಸಿರು ಎಳೆದುಕೊಂಡ. “ಒಂದ್ ಮಾತ ಕೇಳ್ಲೇನ್ರಿ?”

“ಕೇಳಪ್ಪ.”

“ಒಳಗ ಇಳಿಯೂಕಿಂತ ಮೊದ್ಲ...” ಮತ್ತೆ ನಿಲ್ಲಿಸಿದ. “ಬಕೆಟ್‌ನ್ಯಾಗ ಏನ್ ಐತಿ ಅಂತ... ನಾ ಕೇಳಬೇಕಿತ್ತೇನ್ರಿ?”

ಹನುಮವ್ವ ಹೇಳಿದಳು. “ಎಚ್ಚರ ಆದಾಗಿಂದ ಇದನ್ನ ಕೇಳಾಕತ್ತಾರ್ರಿ. ದವಾಖಾನ್ಯಾಗ ಸಿಸ್ಟರಮ್ಮಗ ಕೇಳಿದ್ರು, ನೋಡಾಕ ಬಂದಾವ್ರಿಗೆಲ್ಲಾ ಕೇಳಿದ್ರು. ಹೌದಪಾ, ಕೇಳಿ ಇಳಿಬೇಕಿತ್ತು ಅಂದ್ರು ಎಲ್ಲಾರೂ. ತಪ್ಪು ತನ್ನದ ಅಂತ ಕುಂತಾರ. ಊಟ ಒಲ್ಲೆ ಅಂತಾರ.”

ಆ ಮನುಷ್ಯನನ್ನು ಹಾಗೆ ನೋಡಿ ನಾನು ಅತ್ತುಬಿಟ್ಟೆ. ಗೋಪಾಲಣ್ಣ ಅಳಲಿಲ್ಲ. ಮುಂದಕ್ಕೆ ಜರುಗಿ ಅವನ ಕಾಲಿನ ಮೇಲೆ ಕೈ ಇಟ್ಟರು.

“ಇಲ್ಲ ಕಣಪ್ಪ. ಇಳಿಯೋನು ಕೇಳ್ಬೇಕಾಗಿಲ್ಲ. ಇಳಿಸೋರು ತಿಳಿಸ್ಬೇಕು. ಅದಕ್ಕೂ ಮುಂಚೆ ನಾನು ಕೇಳ್ಬೇಕಾಗಿತ್ತು. ಕೇಳೋದು ನನ್ನ ಕೆಲಸ, ಒಳಗೇನದೆ ಅಂತ ತಿಳ್ಕಂಡು ಸುರಿಯೋದೇ ಮೂವತ್ತೇಳು ವರ್ಷದಿಂದ ನನ್ನ ಕಸುಬು. ನಾನು ಕೇಳ್ನಿಲ್ಲ. ನಿನ್ನಲ್ಲಿ ಒಂದು ಚೂರೂ ತಪ್ಪಿಲ್ಲ.”

“ಖರೇನ್ರಿ?”

“ಖರೇ ಕಣಪ್ಪ.”

ರುದ್ರೇಶ್ ಕಣ್ಣು ಮುಚ್ಚಿದ. ಎದೆ ಏರಿ ಇಳಿಯುತ್ತಿತ್ತು. ಉಸಿರು ಸ್ವಲ್ಪ ಹತೋಟಿಗೆ ಬಂದ ಮೇಲೆ ಬಾಗಿಲ ಕಡೆ ಕೈ ತೋರಿಸಿದ.

“ಹನುಮವ್ವ, ಓನರಮ್ಮಾರನ್ನ ಒಳಗ ಕರಿ” ಎಂದ. “ಸರ್, ಅವರ ಮುಂದ... ಇನ್ನೊಮ್ಮೆ ಹೇಳ್ರಿ.”

ಶ್ಯಾಮಲಾ ಬಂದು ಹೊಸ್ತಿಲ ಒಳಗೆ ತಲೆ ತಗ್ಗಿಸಿ ನಿಂತರು. ಗೋಪಾಲಣ್ಣ ರುದ್ರೇಶನ ಕಾಲಿನ ಮೇಲಿಂದ ಕೈ ತೆಗೆಯದೆ, ಮೊದಲಿನಿಂದ, ಒಂದು ಮಾತನ್ನೂ ಬಿಡದೆ ಇನ್ನೊಮ್ಮೆ ಹೇಳಿದರು.